ಇದ್ದ ಊರಿನಲ್ಲೇ ಹೊಸ ಒಕ್ಕಲು

ಹೊಸ ನೆಲದಲ್ಲಿ ಒಕ್ಕಲು ಹೂಡುವುದು ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವ ಚಿತ್ರ ಬಹುಮಟ್ಟಿಗೆ ಒಂದೇ. ಹುಟ್ಟಿದ ಊರನ್ನು ತೊರೆದು, ಗಾಡಿಯ ಮೇಲೆ ಪಾತ್ರೆಪಡಗ, ಬಿತ್ತನೆಯ ಕಾಳು, ಮನೆದೇವರ ಪೆಟ್ಟಿಗೆ ಇವನ್ನು ಹೇರಿಕೊಂಡು, ದನಕರುಗಳನ್ನು ಹೊಡೆದುಕೊಂಡು ಹೊರಟ ಒಂದು ಸಂಸಾರ. ಮುಂದೆ ನೇಗಿಲು ಕಾಣದ ಬಯಲು. ಕಾಡು ಕಡಿದು ಕಟ್ಟಿದ ಮೊದಲ ಗುಡಿಸಲು. ಅಮೆರಿಕ, ಕೆನಡಾ ದೇಶಗಳಲ್ಲಿ ಈ ಚಿತ್ರವನ್ನು ಕಲ್ಲುಮರಗಳ ರೂಪದಲ್ಲಿಯೇ ಕಾಪಾಡಿ ಇಟ್ಟಿದ್ದಾರೆ. ಕೆನಡಾದ ಆಂಟೇರಿಯೊ ಪ್ರಾಂತದಲ್ಲಿ ಸೇಂಟ್ ಲಾರೆನ್ಸ್ ನದಿಗೆ ಅಣೆ ಕಟ್ಟಿದಾಗ, 1958ರಲ್ಲಿ, ದಂಡೆಯ ಹಲವು ಹಳ್ಳಿಗಳು ಮುಳುಗಿದುವು. ಆ ಹಳ್ಳಿಗಳ ಕೆಲವು ಹಳೆಯ ಕಟ್ಟಡಗಳನ್ನು ಎತ್ತಿ ತಂದು ಒಂದೆಡೆ ನಿಲ್ಲಿಸಿ, 1961ರಲ್ಲಿ ‘ಅಪ್ಪರ್ ಕೆನಡಾ ವಿಲೇಜ್’ ಎಂಬ ಒಂದು ಊರನ್ನೇ ನೋಡುಗರಿಗಾಗಿ ತೆರೆದರು. ಅಲ್ಲಿ ಇಂದಿಗೂ ಕಮ್ಮಾರನ ಕುಲುಮೆ ಉರಿಯುತ್ತದೆ, ಹಿಟ್ಟಿನ ಗಿರಣಿ ತಿರುಗುತ್ತದೆ. ಮೊದಲು ಬಂದವರು ಹೇಗೆ ಬದುಕಿದರೆಂಬುದನ್ನು ಮಕ್ಕಳು ಕೈಯಲ್ಲಿ ಮುಟ್ಟಿ ತಿಳಿಯುತ್ತಾರೆ.

ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಅಂಥ ಊರೊಂದಿಲ್ಲ. ಆದರೆ ಅಂಥ ಕಥೆ ಇಲ್ಲವೆಂದಲ್ಲ. ಇಲ್ಲಿಯ ಜನ ಎಲ್ಲಿಗೂ ಗಾಡಿ ಕಟ್ಟಲಿಲ್ಲ. ಅವರು ಇದ್ದಲ್ಲಿಯೇ ಇದ್ದರು. ಕಾಲ ಕೆಳಗಿನ ನೆಲವೇ ಬದಲಾಯಿತು. ಅಜ್ಜ ಉತ್ತ ಹೊಲದಲ್ಲಿ ಮೊಮ್ಮಗ ಹೊಸಬನಾದ. ಬ್ರಿಟಿಷರು ಪಂಜಾಬಿನಲ್ಲಿ ಚೀನಾಬ್ ನದಿಯ ನಾಲೆ ತೋಡಿದಾಗ ಬರಡು ಬಯಲಿಗೆ ದೂರದ ಜಿಲ್ಲೆಗಳಿಂದ ರೈತರನ್ನು ಕರೆತಂದು, ಚೌಕ ಚೌಕವಾಗಿ ನೆಲ ಅಳೆದುಕೊಟ್ಟು ‘ಕಾಲೋನಿ’ಗಳನ್ನು ಹೂಡಿದರು. ಲಾಯಲ್‌ಪುರದಂಥ ಪಟ್ಟಣಗಳು ಹಾಗೆ ಹುಟ್ಟಿದುವು. ಮೈಸೂರಿನ ನಾಲೆಯಾದರೋ ಜನವಿದ್ದ ಊರುಗಳ ನಡುವೆಯೇ ಹರಿಯಿತು. ಒಕ್ಕಲು ಹೊಸದಲ್ಲ, ಒಕ್ಕಲುತನ ಹೊಸದು. ಇತಿಹಾಸಕಾರರ ಗಮನ ಇದರ ಮೇಲೆ ಅಷ್ಟಾಗಿ ಬೀಳದಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ಹೊರಟು ಬಂದವನ ಕಥೆಗೆ ದಾರಿಯ ವರ್ಣನೆಯಾದರೂ ಇರುತ್ತದೆ. ಕುಳಿತಲ್ಲೇ ಹೊಸ ಲೋಕಕ್ಕೆ ಬಂದವನ ಕಥೆಯನ್ನು ಎಲ್ಲಿಂದ ತೊಡಗಬೇಕು?

ಹಿಂದಿನಿಂದಲೇ ತೊಡಗಬಹುದು. ಈ ಸೀಮೆಯಲ್ಲಿ ನೀರಾವರಿ ನೆಲದ ಮಾತು ಹೊಸದೇನಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ಸಾಹಿತ್ಯಾಸಕ್ತರೆಲ್ಲ ಬಲ್ಲರು. ಕ್ರಿಸ್ತಶಕ 949-50ರ ಆ ಕಲ್ಲು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದಲ್ಲಿ ಚೋಳರನ್ನು ಗೆದ್ದುದನ್ನು ಹೇಳುತ್ತದೆ. ಮಣಲೆರನೆಂಬ ವೀರನು ಮೆಚ್ಚುಗೆಯಾಗಿ ಬೇಡಿ ಪಡೆದ ‘ಕಾಳಿ’ ಎಂಬ ಬೇಟೆನಾಯಿ ದೊಡ್ಡ ಹಂದಿಯೊಡನೆ ಹೋರಾಡಿ ಸತ್ತುದನ್ನು ಹೇಳುತ್ತದೆ. ನಾಯಿಯ ಕಥೆಯ ಸೊಗಸಿನಲ್ಲಿ ನಾವು ಮರೆತುಬಿಡುವ ಒಂದು ವಿವರ ಅದರಲ್ಲಿಯೇ ಇದೆ. ಆ ಕಲ್ಲಿನ ಪೂಜೆಗಾಗಿ ಬಿಟ್ಟ ಭೂಮಿ ಊರಿನ ಹಿರಿಯ ಕೆರೆಯ ಕೆಳಗಿನದು, ಎರಡು ಖಂಡುಗ. ಸಾವಿರ ವರ್ಷಕ್ಕೂ ಹಿಂದೆ, ಈ ಭಾಗದಲ್ಲಿ ಒಬ್ಬ ದೊರೆ ಕೊಡಬಹುದಾಗಿದ್ದ ಬೆಲೆಯುಳ್ಳ ವಸ್ತು ಎಂದರೆ ಕೆರೆಯ ತೂಬಿನಿಂದ ನೀರು ಕಾಣುವ ಎರಡು ಖಂಡುಗ ಮಣ್ಣು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕೆರೆಯನ್ನು ಅಲ್ಲಿಗೆ ಒಯ್ಯುವಂತಿರಲಿಲ್ಲ!

ಆತಕೂರಿನ ಮಣಲೆರನಿಂದ ಹಿಡಿದು, ವಿಜಯನಗರದ ಕೃಷ್ಣದೇವರಾಯನ ಕಾಲದಲ್ಲಿ ಮಂಡ್ಯವನ್ನು ದತ್ತಿಯಾಗಿ ಪಡೆದ ಶ್ರೀವೈಷ್ಣವ ವಿದ್ವಾಂಸ ಗೋವಿಂದರಾಜನವರೆಗೆ, ಆಮೇಲೂ, ಇಲ್ಲಿ ಊರುಗಳು ಹೂಡಿದುದು ಕೆರೆಯ ಆಸರೆಯಲ್ಲಿ. ಕೆರೆಯ ಕೆಳಗೆ ಒಂದಿಷ್ಟು ತರಿ, ಉಳಿದುದೆಲ್ಲ ಖುಷ್ಕಿ. ವರ್ಷಕ್ಕೆ ಸುಮಾರು 700 ಮಿಲಿಮೀಟರು ಮಳೆ. ಅದೂ ನಂಬಿಕೆಗೆ ದೂರ. ರಾಗಿ, ಹುರುಳಿ, ಅವರೆ, ಹುಚ್ಚೆಳ್ಳು, ಹೊಲದ ಬದುವಿನಲ್ಲಿ ಹೊಂಗೆ, ಗೋಮಾಳದಲ್ಲಿ ಕುರಿ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ ಕುರಿತಳಿ ಇಂದು ದೇಶದಲ್ಲೆಲ್ಲ ಪ್ರಸಿದ್ಧ. ಗಿಡ್ಡ ಕಾಲು, ತುಂಬಿದ ಮೈ, ಒಣಹುಲ್ಲಿನಲ್ಲೂ ಮಾಂಸ ಕಟ್ಟುವ ಗುಣ. ಅದು ನಾಲೆಗೆ ಮುಂಚಿನ ಮಳವಳ್ಳಿಯ ಜೀವಂತ ದಾಖಲೆ ಎಂದರೆ ತಪ್ಪಾಗದು.

ಇದೇ ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿ ಶಿವನಸಮುದ್ರದ ಬಳಿ ಧುಮುಕುತ್ತಾಳೆ. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು 92 ಮೈಲಿ ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. ತಂತಿ ಹಾಯ್ದ ಕೆಳಗಿನ ಹಳ್ಳಿಗಳಲ್ಲಿ ಹರಳೆಣ್ಣೆಯ ದೀಪವೇ ಇತ್ತು, ಹೊಲಗಳಲ್ಲಿ ಮಳೆಯ ದಾರಿ ಕಾಯುವ ರಾಗಿಯೇ ಇತ್ತು. ನದಿ ಮನೆಯ ಮುಂದೆಯೇ ಹರಿಯುತ್ತಿದ್ದರೂ ಅವಳ ಪ್ರಯೋಜನ ಮೊದಲು ಸಂದುದು ದೂರದ ಗಣಿಗೆ. ಕನ್ನಂಬಾಡಿಯ ಕಟ್ಟೆಯ ಮೊದಲ ಹಂತದ ಹಿಂದೆಯೂ ಈ ಗಣಿಗಳಿಗೆ ಬೇಸಗೆಯಲ್ಲಿ ವಿದ್ಯುತ್ತು ಕುಂದದಂತೆ ನೋಡಿಕೊಳ್ಳುವ ಹೊಣೆಯಿತ್ತು. ರೈತನ ಸರದಿ ಎರಡನೆಯದು.

ಕಟ್ಟೆಯ ಕಥೆ ಎಲ್ಲರಿಗೂ ತಿಳಿದದ್ದು, ಚಿಕ್ಕದಾಗಿ ಹೇಳುತ್ತೇನೆ. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರರಾಗಿ ಬಂದ ವಿಶ್ವೇಶ್ವರಯ್ಯನವರ ಯೋಜನೆಯಂತೆ 1911ರಲ್ಲಿ ಕೆಲಸ ಮೊದಲಾಯಿತು. ಮದರಾಸು ಸರ್ಕಾರದೊಡನೆ ಬೆಳೆದ ವ್ಯಾಜ್ಯ 1924ರ ಫೆಬ್ರವರಿಯ ಒಪ್ಪಂದದಲ್ಲಿ ಒಂದು ನಿಲುಗಡೆಗೆ ಬಂದು, ಕೃಷ್ಣರಾಜಸಾಗರದ ಕೆಳಗೆ 1,25,000 ಎಕರೆ ಹೊಸ ನೀರಾವರಿ ಮಾಡಿಕೊಳ್ಳಲು ಮೈಸೂರಿಗೆ ಅವಕಾಶವಾಯಿತು. ಆ ಎಕರೆಗಳ ಬಹುಪಾಲು ಇರಬೇಕಾದುದು ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ. ಆದರೆ ನದಿಯ ಕೊಳ್ಳಕ್ಕೂ ಆ ಬಯಲಿಗೂ ನಡುವೆ ಏರುನೆಲ ಅಡ್ಡವಾಗಿತ್ತು. ಅದನ್ನು ಬಳಸಿ ಹೋಗುವ ಬದಲು ಕೊರೆದೇ ಹೋದರು. ಶ್ರೀರಂಗಪಟ್ಟಣ ತಾಲ್ಲೂಕಿನ ಹುಲಿಕೆರೆಯ ಬಳಿ ಸುಮಾರು ಒಂದೂಮುಕ್ಕಾಲು ಮೈಲಿ ಉದ್ದದ ಸುರಂಗ. ಆ ಕಾಲಕ್ಕೆ ನೀರಾವರಿಗಾಗಿ ತೋಡಿದ ಸುರಂಗಗಳಲ್ಲಿ ಭಾರತದಲ್ಲೇ ದೊಡ್ಡದೆಂದು ಹೆಸರಾದುದು. ನಾಲೆಗೆ ಅಂದಿನ ವೈಸರಾಯರ ಹೆಸರಿಟ್ಟು ‘ಇರ್ವಿನ್ ನಾಲೆ’ ಎಂದರು. ಮುಂದೆ ಅದು ‘ವಿಶ್ವೇಶ್ವರಯ್ಯ ನಾಲೆ’ಯಾಯಿತು. ಊರಿನವರ ಬಾಯಲ್ಲಿ ಮಾತ್ರ ಅದು ಯಾವಾಗಲೂ ಬರಿಯ ‘ನಾಲೆ’. ವೈಸರಾಯರೂ ಉಳಿಯಲಿಲ್ಲ, ದಿವಾನರೂ ಉಳಿಯಲಿಲ್ಲ.

ಕೇಳುಗರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ನಮ್ಮ ಪಠ್ಯಪುಸ್ತಕಗಳಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. ಕಟ್ಟೆ ಕಟ್ಟಿದರು, ನಾಲೆ ತೋಡಿದರು, ನಾಡು ಹಸುರಾಯಿತು. ಮೂರನೆಯ ವಾಕ್ಯಕ್ಕೂ ಎರಡನೆಯದಕ್ಕೂ ನಡುವೆ ಎಷ್ಟು ಬೆವರು ಅಡಗಿದೆಯೆಂಬುದನ್ನು ಹೇಳುವವರು ಕಡಮೆ. ನೀರು ಹೊಲದ ಅಂಚಿಗೆ ಬಂದ ಮಾತ್ರಕ್ಕೆ ಹೊಲ ಗದ್ದೆಯಾಗುವುದಿಲ್ಲ. ಖುಷ್ಕಿಯ ಹೊಲಕ್ಕೆ ಇಳಿಜಾರು ಗುಣ. ಹೆಚ್ಚಿನ ಮಳೆನೀರು ಹರಿದುಹೋಗಬೇಕು. ಗದ್ದೆಗೆ ಸಮತಟ್ಟೇ ಪ್ರಾಣ. ನೀರು ನಿಲ್ಲಬೇಕು, ಒಂದು ಮೂಲೆಯಲ್ಲಿ ಗೇಣಾಳ, ಇನ್ನೊಂದರಲ್ಲಿ ಬೆರಳಾಳ ಎಂದಾಗಬಾರದು. ಆದುದರಿಂದ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. ಮೇಲಿನ ಮಣ್ಣು ಕೆಳಕ್ಕೆ, ಕೆಳಗಿನದು ಮೇಲಕ್ಕೆ. ಹೀಗೆ ಮಾಡುವಾಗ ತಲೆಮಾರುಗಳಿಂದ ಗೊಬ್ಬರ ಹಾಕಿ ಹದಗೊಳಿಸಿದ ಮೇಲ್ಮಣ್ಣು ಅಡಿಗೆ ಹೋಗಿ, ಬಿಸಿಲು ಕಾಣದ ಕಗ್ಗಲ್ಲುಮಣ್ಣು ಮೇಲೆ ಬರುತ್ತದೆ. ನೆಲ ಸಮ ಮಾಡುವ ಕಷ್ಟವನ್ನು ಬಲ್ಲ ಯಾವ ಬೇಸಾಯಗಾರನೂ ಹೇಳುವ ಮಾತು, ಮೊದಲ ಕೆಲವು ವರ್ಷ ಅಂಥ ಗದ್ದೆ ಒಲಿಯುವುದಿಲ್ಲ ಎಂಬುದು. ಇಷ್ಟಕ್ಕೂ ಕೈಯಲ್ಲಿದ್ದ ಸಾಧನವೆಂದರೆ ಗುದ್ದಲಿ, ಹಾರೆ, ಮಂಕರಿ, ಒಂದು ಜೊತೆ ಎತ್ತು, ಮರದ ಹಲಗೆ. ಬದು ಹಾಕಬೇಕು, ಹರಿಗಾಲುವೆ ತೆಗೆಯಬೇಕು. ಹೆಚ್ಚು ನೀರು ಹೊರಬೀಳಲು ಬಸಿಗಾಲುವೆಯೂ ಬೇಕು. ಅದಿಲ್ಲದಿದ್ದರೆ ನೆಲ ಜವುಳು ಹಿಡಿಯುತ್ತದೆ.

ನೆಲವನ್ನು ಬದಲಿಸಿದರೆ ಮುಗಿಯಲಿಲ್ಲ, ಮನುಷ್ಯನೂ ಬದಲಾಗಬೇಕು. ರಾಗಿ ಬೆಳೆಯುವವನ ವರ್ಷದಲ್ಲಿ ಬಿಡುವಿನ ತಿಂಗಳುಗಳಿರುತ್ತವೆ. ಜಾತ್ರೆ, ಮದುವೆ, ಕೋಲಾಟ, ನೆಂಟರ ಮನೆ ಎಲ್ಲ ಆ ತಿಂಗಳುಗಳಿಗೆ ಹೊಂದಿಕೊಂಡು ಬಂದವು. ಕಬ್ಬು ಬಿಡುವು ಕೊಡುವುದಿಲ್ಲ. ಒಂದು ವರ್ಷ ನೆಲದಲ್ಲಿ ನಿಂತು, ವರ್ಷವಿಡೀ ನೀರು, ಗೊಬ್ಬರ, ಕಳೆ, ಕಾವಲು ಕೇಳುತ್ತದೆ. ಬತ್ತದ ನಾಟಿ, ಕಳೆಗಳ ಭಾರ ಬಹುಮಟ್ಟಿಗೆ ಹೆಂಗಸರ ಬೆನ್ನಿಗೆ ಬಿತ್ತು. ಹೊಲದಲ್ಲಿ ಕುಂಟೆ ಎಳೆಯುತ್ತಿದ್ದ ಎತ್ತು ಕೆಸರಿನಲ್ಲಿ ಮೊಳಕಾಲು ಹೂತು ನಡೆಯಲು ಕಲಿಯಬೇಕಾಯಿತು. ಮೊದಲಿಗೆ ರೈತರು ಹಿಂಜರಿದರೆಂದು ಬಲ್ಲವರು ಬರೆದಿದ್ದಾರೆ. ಅದನ್ನು ಅಜ್ಞಾನವೆನ್ನುವುದು ಸುಲಭ, ನ್ಯಾಯವಲ್ಲ. ತಪ್ಪಿದರೆ ತುಂಬಿಕೊಳ್ಳಲು ಕಣಜದಲ್ಲಿ ಏನೂ ಇಲ್ಲದವನು ಹೊಸ ಪೈರಿಗೆ ಕೈಹಾಕುವ ಮುನ್ನ ಎರಡು ಬಾರಿ ಯೋಚಿಸುವುದು ವಿವೇಕವೇ ಹೌದು.

ಸರ್ಕಾರಕ್ಕೂ ತನ್ನದೇ ಲೆಕ್ಕಾಚಾರವಿತ್ತು. ನೀರನ್ನು ಎಲ್ಲರಿಗೂ ಹಂಚಬೇಕು, ಹಾಕಿದ ಬಂಡವಾಳ ಹಿಂದಿರುಗಬೇಕು. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ನಾಲೆಗಳಲ್ಲಿ ಮೊದಲೇ ಪ್ರಯೋಗಿಸಿದ್ದ ‘ಬ್ಲಾಕ್ ಪದ್ಧತಿ’ ಇಲ್ಲಿಗೂ ಬಂತು. ಒಂದು ಕಟ್ಟಿನ ಜಮೀನನ್ನು ಪಾಲುಮಾಡಿ, ಒಂದರಲ್ಲಿ ಕಬ್ಬು, ಒಂದರಲ್ಲಿ ಬತ್ತ, ಒಂದರಲ್ಲಿ ರಾಗಿಯಂಥ ಅರೆನೀರಿನ ಪೈರು; ಮೂರು ವರ್ಷದಲ್ಲಿ ಒಂದು ಸುತ್ತು. ಒಬ್ಬನ ಕೈಯಲ್ಲೇ ನೀರು ನಿಲ್ಲದಂತೆ, ನೆಲವೂ ದಣಿಯದಂತೆ ಹೂಡಿದ ಜಾಣ ಉಪಾಯವದು. ಆದರೆ ಇದರ ಅರ್ಥ, ತನ್ನ ಹೊಲದಲ್ಲಿ ಈ ವರ್ಷ ಏನು ಬೆಳೆಯಬೇಕೆಂಬುದನ್ನು ಇನ್ನು ಮೇಲೆ ರೈತನೊಬ್ಬನೇ ನಿರ್ಧರಿಸುವಂತಿಲ್ಲ ಎಂಬುದು. ಕೆರೆಯ ನೀರಿಗೆ ಊರಿನ ನೀರುಗಂಟಿಯಿದ್ದ. ಅವನು ನೆರೆಯವನು, ಜಗಳವಾಡಬಹುದಿತ್ತು, ಸಮಾಧಾನವಾಗಬಹುದಿತ್ತು. ನಾಲೆಯ ನೀರಿಗೆ ಇಲಾಖೆ. ಇದರ ಮೇಲೆ, ನೀರು ಬರುವುದರಿಂದ ಜಮೀನಿನ ಬೆಲೆ ಏರುವುದೆಂಬ ಕಾರಣಕ್ಕೆ ಎಕರೆಗೆ ಇಷ್ಟೆಂದು ವಂತಿಗೆಯನ್ನೂ ಕೇಳಿದರು. ಆಗ ಜಗತ್ತಿನಲ್ಲೆಲ್ಲ ಧಾನ್ಯದ ಬೆಲೆ ಕುಸಿದಿದ್ದ ಕಾಲ. 1930ರ ದಶಕದ ಮೊದಲ ವರ್ಷಗಳಲ್ಲಿ ಮಂಡ್ಯದ ಕಡೆಯ ರೈತರು ಗುಂಪುಗೂಡಿ ಈ ಹೊರೆಯನ್ನು ವಿರೋಧಿಸಿದರು, ಎಚ್. ಕೆ. ವೀರಣ್ಣಗೌಡರಂಥವರು ಅವರ ಮುಂದಾಳುಗಳಾದರು. ಇರ್ವಿನ್ ನಾಲೆಯ ಚಳವಳಿಯೆಂದು ಹೆಸರಾದ ಇದು ಮೈಸೂರು ಸಂಸ್ಥಾನದಲ್ಲಿ ಹಳ್ಳಿಯ ರೈತ ರಾಜಕೀಯವಾಗಿ ಮಾತನಾಡಿದ ಮೊದಲ ಪ್ರಸಂಗಗಳಲ್ಲಿ ಒಂದು. ನೀರು ಬಂದುದಕ್ಕೆ ಜನ ಕೃತಜ್ಞತೆಯಿಂದ ಕೈಮುಗಿದು ನಿಂತರೆಂಬ ಚಿತ್ರ ಸುಂದರವಾದುದು, ಆದರೆ ಅಪೂರ್ಣ.

ಈಗ ಕೆನಡಾದ ಮಾತಿಗೆ ಹಿಂದಿರುಗಬಹುದು. ಲೆಸ್ಲಿ ಕೋಲ್ಮನ್ನರು ಅದೇ ಆಂಟೇರಿಯೊದಲ್ಲಿ 1878ರಲ್ಲಿ ಹುಟ್ಟಿದವರು. 1908ರಲ್ಲಿ ಮೈಸೂರಿಗೆ ಸಸ್ಯರೋಗ ಮತ್ತು ಕೀಟಗಳ ತಜ್ಞರಾಗಿ ಬಂದು, ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಮದ್ದು ತೋರಿಸಿ, 1913ರಲ್ಲಿ ವ್ಯವಸಾಯ ಇಲಾಖೆಯ ನಿರ್ದೇಶಕರಾದರು. ನಾಲೆಯ ಬಯಲಿನಲ್ಲಿ ಕಬ್ಬು ಬೆಳೆದರೆ ಅದನ್ನು ಕೊಳ್ಳುವವರಾರು ಎಂಬ ಪ್ರಶ್ನೆಗೆ ಉತ್ತರವಾಗಿ ಸಕ್ಕರೆ ಕಾರ್ಖಾನೆಯ ಯೋಜನೆಯನ್ನು ಮುಂದಿಟ್ಟವರಲ್ಲಿ ಅವರು ಮುಖ್ಯರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಮುಂದಿನ ವರ್ಷ ಕಬ್ಬು ಅರೆಯತೊಡಗಿತು. ಅದೇ 1934ರಲ್ಲಿ ಕೋಲ್ಮನ್ನರು ಮೈಸೂರಿನ ಸೇವೆಯಿಂದ ನಿವೃತ್ತರಾದರು. ಅವರ ಹುಟ್ಟೂರಿನ ಪ್ರಾಂತ ತನ್ನ ಮೊದಲ ಒಕ್ಕಲುಗಳ ಮನೆಗಳನ್ನು ಕಾದಿಟ್ಟಿದೆ. ಅವರು ಕೈಹಿಡಿದು ನಡೆಸಿದ ಮಂಡ್ಯದ ಒಕ್ಕಲುಗಳ ಮೊದಲ ಮನೆ ಯಾವುದೆಂದು ತೋರಿಸುವವರಿಲ್ಲ. ಕಾರ್ಖಾನೆ ಕಬ್ಬಿಗೆ ಕರಾರು ಮಾಡಿಕೊಂಡು, ಗೊಬ್ಬರವನ್ನು ಮುಂಗಡವಾಗಿ ಕೊಟ್ಟು, ಕಬ್ಬಿನ ಹಣದಲ್ಲಿ ಹಿಡಿದುಕೊಳ್ಳುತ್ತಿತ್ತು. ಕೈಗೆ ಒಮ್ಮೆಲೆ ರೊಕ್ಕ ಬರುವ ಅನುಭವ ಹಳ್ಳಿಗೆ ಹೊಸದು. ಹಂಚಿನ ಮನೆಗಳು ಎದ್ದುವು, ಮದುವೆಗಳ ಖರ್ಚು ಬೆಳೆಯಿತು. ಕಾರ್ಖಾನೆಗೆ ಒಗ್ಗದ ಕಬ್ಬಿಗೆ ಊರೂರಿನ ಆಲೆಮನೆ ಇದ್ದೇ ಇತ್ತು. ಮೈಸೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರವಾಗಿದ್ದ ಮಂಡ್ಯ, 1939ರ ಜುಲೈ 1ರಂದು ತಾನೇ ಒಂದು ಜಿಲ್ಲೆಯ ತಲೆಯೂರಾಯಿತು.

ಇದರ ಬೆಲೆಯನ್ನು ಬೇರೊಂದು ರೀತಿಯಲ್ಲಿಯೂ ತೆರಬೇಕಾಯಿತು. ನೀರು ನಿಂತಲ್ಲಿ ಸೊಳ್ಳೆ, ಸೊಳ್ಳೆಯೊಡನೆ ಚಳಿಜ್ವರ. ನಾಲೆ ಹರಿದ ಕೆಲವೇ ವರ್ಷಗಳಲ್ಲಿ ಈ ಹಳ್ಳಿಗಳಲ್ಲಿ ಮಲೇರಿಯ ವಿಪರೀತವಾಗಿ, ಸಂಸ್ಥಾನ ಸರ್ಕಾರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಅಧ್ಯಯನ ಕೇಂದ್ರಗಳನ್ನು ತೆರೆಯಬೇಕಾಯಿತು. ಮಕ್ಕಳ ಹೊಟ್ಟೆಯನ್ನು ಮುಟ್ಟಿ, ಗುಲ್ಮ ಊದಿದೆಯೇ ಎಂದು ನೋಡಿ ಲೆಕ್ಕ ಬರೆದುಕೊಳ್ಳುವುದು ಆಗಿನ ಪರೀಕ್ಷೆಯ ಕ್ರಮ. ಡಿ.ಡಿ.ಟಿ. ಬಂದುದು ಎರಡನೆಯ ಮಹಾಯುದ್ಧದ ಬಳಿಕ. ನಡುವಣ ವರ್ಷಗಳಲ್ಲಿ ನಾಟಿಯ ಕೆಸರಿನಲ್ಲಿ ನಡುಗುತ್ತ ನಿಂತವರ ಸ್ಮಾರಕ ಎಲ್ಲಿಯೂ ಇಲ್ಲ.

ಮುಂದಿನ ಕಥೆಯನ್ನು ಹತ್ತಿರದಿಂದ ಕಂಡು ಬರೆದವರು ಹೊರಗಿನಿಂದ ಬಂದ ಒಬ್ಬ ಮಹಿಳೆ. ವಿಯೆನ್ನಾದಲ್ಲಿ ಹುಟ್ಟಿ, ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟು ಇಂಗ್ಲೆಂಡನ್ನು ಸೇರಿದ್ದ ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಿಂದ 1956ರವರೆಗೆ ಮಂಡ್ಯದ ಬಳಿ ಎರಡು ಹಳ್ಳಿಗಳಲ್ಲಿ ನೆಲೆಸಿ ಅಧ್ಯಯನ ನಡೆಸಿದರು. ಊರುಗಳ ನಿಜವಾದ ಹೆಸರನ್ನು ಮರೆಸಿ ಒಂದನ್ನು ‘ವಂಗಲ’ ಎಂದೂ ಇನ್ನೊಂದನ್ನು ‘ದಾಲೇನ’ ಎಂದೂ ಕರೆದರು. ವಂಗಲಕ್ಕೆ ನಾಲೆಯ ನೀರು ಹತ್ತಿತು. ದಾಲೇನದ ನೆಲ ನಾಲೆಗಿಂತ ಎತ್ತರದಲ್ಲಿದ್ದುದರಿಂದ ಸುತ್ತಲೂ ಹಸುರಾದರೂ ಅದು ಒಣಗಿಯೇ ಉಳಿಯಿತು. ಮುಂದೆ ಆದುದು ಯಾರೂ ಎಣಿಸದಂಥದು. ನೀರು ಬಂದ ಊರು ಸಿರಿವಂತವಾಯಿತು, ಆದರೆ ಹಳೆಯ ಕಟ್ಟು ಸಡಿಲಲಿಲ್ಲ. ಕೆಲಸ ಹೆಚ್ಚಿದುದರಿಂದ ಒಡೆಯ-ಆಳುಗಳ ಪರಂಪರೆಯ ನಂಟು ಇನ್ನಷ್ಟು ಬಿಗಿಯಾಯಿತು. ನೀರು ಬಾರದ ಊರಿನವರು ಸುಮ್ಮನೆ ಕೂರಲಿಲ್ಲ: ನೆರೆಯ ಊರುಗಳಲ್ಲಿ ಗದ್ದೆ ಕೊಂಡರು, ಗಾಡಿ ಹೊಡೆದರು, ಹಿಟ್ಟಿನ ಗಿರಣಿ ಹಾಕಿದರು, ಮಂಡ್ಯದಲ್ಲಿ ಕೆಲಸ ಹಿಡಿದರು. ಪೇಟೆಯ ಕಡೆಗೆ ಮುಖ ಮಾಡಿದುದರಿಂದ ಊರೊಳಗಿನ ಹಳೆಯ ಸಂಬಂಧಗಳೂ ಬೇಗ ಬದಲಾದುವು. ಎಪ್‌ಸ್ಟೈನರ ಗ್ರಂಥ 1962ರಲ್ಲಿ ಹೊರಬಂತು. 1970ರಲ್ಲಿ ಅವರು ಮತ್ತೆ ಬಂದು ಅದೇ ಊರುಗಳನ್ನು ನೋಡಿ ಇನ್ನೊಂದು ಪುಸ್ತಕ ಬರೆದರು. ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಓದುವ ಈ ಎರಡು ಹಳ್ಳಿಗಳ ಕಥೆಯನ್ನು ಮಂಡ್ಯದ ಓದುಗರು ತಮ್ಮದೆಂದು ಇನ್ನೂ ಸಾಕಷ್ಟು ಓದಿಲ್ಲವೆಂಬುದು ನನ್ನ ಎಣಿಕೆ.

ಎಪ್‌ಸ್ಟೈನರು ಕಂಡ ಈ ಆಳುಗಳ ವಿಷಯ ಹೊಸ ಒಕ್ಕಲಿನ ಕಥೆಯಲ್ಲಿ ಸುಲಭವಾಗಿ ಜಾರಿಹೋಗುವಂಥದು. ನೀರು ನೆಲವಿದ್ದವನನ್ನು ಹುಡುಕಿಕೊಂಡು ಬಂತು. ನೆಲವಿಲ್ಲದವನಿಗೆ ಅದು ತಂದುದು ಹೆಚ್ಚು ದಿನದ ಕೂಲಿಯನ್ನು. ಬದು ಕಡಿದು ಮಟ್ಟ ಮಾಡಿದ ಕೈಗಳಲ್ಲಿ ದಲಿತರ ಕೈ ಎಷ್ಟು, ಮಣ್ಣು ಕಲ್ಲುಗಳ ಕೆಲಸವನ್ನೇ ಕುಲವೃತ್ತಿಯಾಗಿಸಿಕೊಂಡ ವಡ್ಡರ ಕೈ ಎಷ್ಟು ಎಂದು ಯಾವ ಕಡತವೂ ಹೇಳದು. ಕೂಲಿ ಹುಡುಕಿಕೊಂಡು ತಮಿಳು ಸೀಮೆಯಿಂದ ಬಂದ ಸಂಸಾರಗಳೂ ಇದ್ದುವು. ಗಂಟುಮೂಟೆ ಹೊತ್ತು ನಿಜವಾಗಿ ವಲಸೆ ಬಂದವರು ಯಾರಾದರೂ ಇದ್ದರೆ ಇವರೇ. ಮಂಡ್ಯ ಪಟ್ಟಣದ ‘ತಮಿಳು ಕಾಲೋನಿ’ ಎಂಬ ಹೆಸರಿನಲ್ಲಿ ಆ ಬರವಿನ ಗುರುತು ಉಳಿದಿದೆ. ಹೊಸ ನೆಲವನ್ನು ಕಟ್ಟಿದವರಿಗೆ ಆ ನೆಲದಲ್ಲಿ ಪಾಲಿರಲಿಲ್ಲವೆಂಬುದನ್ನು ಬಿಟ್ಟು ಈ ಕಥೆಯನ್ನು ಹೇಳಬಾರದು.

ಹಾಗಾದರೆ ಇದನ್ನೆಲ್ಲ ಕಾಪಾಡಿದ ಸ್ಥಳ ಯಾವುದು? ಮದ್ದೂರಿನ ಶಿವಪುರದಲ್ಲಿ, 1938ರ ಏಪ್ರಿಲಿನಲ್ಲಿ ಮೈಸೂರು ಕಾಂಗ್ರೆಸ್ಸಿಗರು ನಿಷೇಧವನ್ನು ಮೀರಿ ಧ್ವಜವೇರಿಸಿದ ಜಾಗದಲ್ಲಿ, ಸತ್ಯಾಗ್ರಹ ಸೌಧ ನಿಂತಿದೆ. ಧ್ವಜಕ್ಕೆ ಸ್ಮಾರಕವಾಯಿತು, ಅದು ಆಗಬೇಕಾದುದೇ. ಆದರೆ ಧ್ವಜದ ಕೆಳಗೆ ಸಾವಿರಾರು ಜನ ಸೇರಿದುದರ ಹಿಂದೆ ನಾಲೆಯ ಚಳವಳಿ ಕಲಿಸಿದ ಪಾಠವೂ ಇತ್ತೆಂಬುದನ್ನು ಅಲ್ಲಿಗೆ ಹೋಗುವ ಮಕ್ಕಳಿಗೆ ಯಾರಾದರೂ ಹೇಳಬೇಕು. ಕಟ್ಟೆಯ ನೀರಿನಲ್ಲಿ ಮುಳುಗಿದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯ ದೇವಾಲಯವನ್ನು ಈ ಶತಮಾನದಲ್ಲಿ ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯ ದಂಡೆಯಲ್ಲಿ ಮತ್ತೆ ಕಟ್ಟಿದರು. ದೇವರು ಮೇಲೆ ಬಂದನು, ಊರು ಕೆಳಗೇ ಉಳಿಯಿತು. ಹುಲಿಕೆರೆಯ ಸುರಂಗವನ್ನು ನೋಡಲು ಹೋಗುವವರು ವಿರಳ. ಕೃಷ್ಣರಾಜಸಾಗರದ ಬಣ್ಣದ ಕಾರಂಜಿಗೆ ನೆರೆಯುವ ಜನರಲ್ಲಿ ನೂರಕ್ಕೊಬ್ಬರೂ ಆ ದಾರಿ ಹಿಡಿಯುವುದಿಲ್ಲ.

ನನ್ನ ಮಟ್ಟಿಗೆ ಈ ಕಥೆಗೆ ತೀರ ಹತ್ತಿರವಾದ ಸ್ಥಳ ಮಂಡ್ಯದ ವಿ. ಸಿ. ಫಾರಂ. ನಾಲೆಯೊಡನೆಯೇ, 1930ರ ದಶಕದ ಆದಿಯಲ್ಲಿ, ಹೊಸ ನೀರಿನಲ್ಲಿ ಏನು ಬೆಳೆಯಬಹುದೆಂದು ತಿಳಿಯಲು ಹುಟ್ಟಿದ ಕ್ಷೇತ್ರವದು. ಅಲ್ಲಿಯ ಕಬ್ಬು, ಬತ್ತಗಳ ಕೆಲಸವನ್ನು ಹಲವರು ಹೊಗಳಿದ್ದಾರೆ. ಆದರೆ ಆ ಕ್ಷೇತ್ರಕ್ಕೆ ಜನಮನದಲ್ಲಿ ಶಾಶ್ವತವಾದ ಹೆಸರು ತಂದುದು ರಾಗಿ! ಅಲ್ಲಿ ದುಡಿದ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ‘ಇಂಡಾಫ್’ ತಳಿಗಳನ್ನು ಹೊರತಂದು ‘ರಾಗಿ ಬ್ರಹ್ಮ’ ಎನಿಸಿಕೊಂಡರು. ಆಫ್ರಿಕ ರಾಗಿಯ ತವರು; ಎಷ್ಟೋ ಸಾವಿರ ವರ್ಷಗಳ ಹಿಂದೆ ಅಗಲಿದ ಎರಡು ಕವಲುಗಳು ಮಂಡ್ಯದ ನಾಲೆಯ ಬದಿಯಲ್ಲಿ ಮತ್ತೆ ಕೂಡಿದುವು. ಬತ್ತದ ಬಯಲಿನ ನಡುವೆ ಕುಳಿತು ಹೊಲದ ಪೈರನ್ನು ಮರೆಯದ ಈ ಕೆಲಸದಲ್ಲಿ ಮಂಡ್ಯದ ಒಕ್ಕಲಿನ ಸ್ವಭಾವ ಕಾಣುತ್ತದೆಂದು ನನಗೆ ಅನ್ನಿಸುತ್ತದೆ. ಗದ್ದೆಯಲ್ಲಿ ಬತ್ತ ಬೆಳೆದು, ಮನೆಯಲ್ಲಿ ಮುದ್ದೆ ಉಣ್ಣುವುದನ್ನು ಇಲ್ಲಿಯವರು ಬಿಟ್ಟವರಲ್ಲ.

ಉಳಿದ ಸ್ಮಾರಕವೆಂದರೆ ನೆಲವೇ. ಮದ್ದೂರಿನಿಂದ ಮಳವಳ್ಳಿಯ ಕಡೆಗೆ ಹೋಗುವಾಗ ಕಾಣುವ ಮೆಟ್ಟಿಲುಗದ್ದೆಗಳ ಒಂದೊಂದು ಬದುವೂ ಯಾರೋ ಮಂಕರಿಯಲ್ಲಿ ಹೊತ್ತು ಹಾಕಿದ ಮಣ್ಣು. ನೀರು ಆ ನೆಲಕ್ಕೆ ಇಂದೂ ಸರಾಗವಾಗಿ ಬರುತ್ತದೆಂದಲ್ಲ. ನಾಲೆಯ ಕೊನೆಯಲ್ಲಿರುವ ಮಳವಳ್ಳಿಯ ರೈತ ಮಳೆ ಕಡಮೆಯಾದ 2023ರಂಥ ವರ್ಷದಲ್ಲಿ ತೂಬಿನ ಬಳಿ ಕಾಯುವುದೇ ಹೆಚ್ಚು. 1924ರ ಒಪ್ಪಂದದ ಬಳಿಕ ಕಾವೇರಿಯ ನ್ಯಾಯ ಕೇಳಿ ನ್ಯಾಯಮಂಡಳಿಯ 2007ರ ತೀರ್ಪು, ಸರ್ವೋಚ್ಚ ನ್ಯಾಯಾಲಯದ 2018ರ ತೀರ್ಪುಗಳವರೆಗೆ ನಡೆದ ದಾರಿ ಅವನಿಗೆ ಬಾಯಿಪಾಠ. ಕೆಲವು ವರ್ಷ ನಿಂತುಹೋಗಿದ್ದ ಸಕ್ಕರೆ ಕಾರ್ಖಾನೆ 2022ರಲ್ಲಿ ಮತ್ತೆ ಕಬ್ಬು ಅರೆಯಲು ತೊಡಗಿತು. ಮರುವರ್ಷ, 2023ರ ಮಾರ್ಚಿಯಲ್ಲಿ, ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆ ನಡೆಯಿತು. ಆ ಹೆದ್ದಾರಿಯ ಇಕ್ಕೆಲಗಳಲ್ಲಿ ಈಗ ಗದ್ದೆಗಳ ನಡುವೆ ಬಣ್ಣ ಬಳಿದ ಗಡಿಕಲ್ಲುಗಳು ಏಳುತ್ತಿವೆ, ಸೈಟುಗಳ ಹಲಗೆಗಳು ನಿಲ್ಲುತ್ತಿವೆ. ಅದಕ್ಕೆ ಕಂದಾಯ ಇಲಾಖೆಯ ಭಾಷೆಯಲ್ಲಿ ‘ಭೂಪರಿವರ್ತನೆ’ ಎಂದು ಹೆಸರು.

ತೊಂಬತ್ತು ವರ್ಷಗಳ ಹಿಂದೆ ಖುಷ್ಕಿ ತರಿಯಾದುದೂ ಪರಿವರ್ತನೆಯೇ. ಅದು ಒಂದು ತಲೆಮಾರಿನ ಬೆನ್ನು ಬಾಗಿಸಿ ಆದುದು, ಇದು ಜೆ.ಸಿ.ಬಿ. ಯಂತ್ರದಿಂದ ಒಂದು ಬೆಳಗಿನಲ್ಲಿ ಆಗುತ್ತದೆ. ಬದುಗಳೆಲ್ಲ ಕರಗಿ ಮತ್ತೆ ಒಂದೇ ಮಟ್ಟ. ಮಾರುವವನನ್ನು ದೂರಲು ನನಗೆ ಮನಸ್ಸಿಲ್ಲ. ಕಬ್ಬಿನ ಬಾಕಿಗಾಗಿ ಕಾದು ಕಾದು ಸೋತವನ ಲೆಕ್ಕ ಅವನಿಗೇ ಗೊತ್ತು. ಆದರೆ ಯಂತ್ರ ಬರುವ ಮುನ್ನ ಒಂದು ಕೆಲಸ ಮಾಡಬಹುದು. ಹಳ್ಳಿಯ ಹಳೆಯ ಪಹಣಿಗಳಲ್ಲಿ, ಸರ್ವೆ ನಂಬರಿನ ಎದುರು, ಖುಷ್ಕಿ ತರಿಯಾದ ವರ್ಷದ ಗುರುತು ಸಿಕ್ಕುತ್ತದೆ. ಆ ವರ್ಷ ಆ ಹೊಲವನ್ನು ಯಾರು ಸಮ ಮಾಡಿದರು, ಕೂಲಿಗೆ ಯಾರು ಬಂದಿದ್ದರು, ಮೊದಲ ನಾಟಿಯಲ್ಲಿ ಯಾವ ಬತ್ತ ಇಟ್ಟರು, ಎಷ್ಟು ಖಂಡುಗ ಬಂತು ಎಂಬುದನ್ನು ಅಪ್ಪ ಅಜ್ಜಂದಿರಿಂದ ಕೇಳಿದವರು ಮಂಡ್ಯ, ಮದ್ದೂರು, ಮಳವಳ್ಳಿಯ ಊರೂರುಗಳಲ್ಲಿ ಇನ್ನೂ ಇದ್ದಾರೆ. ಒಂದು ಶಾಲೆಯ ಮಕ್ಕಳು ಒಂದು ಬೇಸಗೆಯಲ್ಲಿ, ಒಂದು ಊರಿನ ಮಟ್ಟಿಗೆ, ಅದನ್ನು ಕೇಳಿ ಬರೆದುಕೊಳ್ಳಬಹುದು.